ಬಲಗಡೆಯ ಸೀಟು

ನನ್ನ ಮೈದುನ ಚನ್ನಕೇಶವ ಏರ್‌ಫೋರ್ಸ್ ಬಿಟ್ಟು ಊರಿಗೆ ಬಂದಾಗ ನಮ್ಮ ಮನೆಯಲ್ಲಿ ಹುಳು ಎರಡನೇ ಜ್ವರದಲ್ಲಿತ್ತು. ರೇಷ್ಮೆ ಸಾಕದವರಿಗೆ ಇದು ತಿಳಿಯುವುದಿಲ್ಲ, ಹೇಳಿಬಿಡುತ್ತೇನೆ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಮಲಗುತ್ತದೆ. ಪೊರೆ ಕಳಚುವ ಆ ನಿದ್ದೆಗೆ ನಾವು ಜ್ವರ ಅನ್ನುತ್ತೇವೆ. ಆ ತಿಂಗಳೆಲ್ಲ ಮನೆ ನಮ್ಮದಲ್ಲ, ಹುಳುವಿನದು. ಒಗ್ಗರಣೆ ಹಾಕುವಂತಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ ಹೊಸಿಲು ದಾಟುವಂತಿಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಗಟ್ಟಿಯಾಗಿ ಮಾತಾಡುವಂತಿಲ್ಲ. ಅಂಥ ಹೊತ್ತಿನಲ್ಲಿ ಈ ಮಹಾರಾಯ ಹೆಂಡತಿ ಅನಸೂಯಳನ್ನೂ ಕಬ್ಬಿಣದ ಟ್ರಂಕುಗಳನ್ನೂ ಕಟ್ಟಿಕೊಂಡು ಚಿಂತಾಮಣಿ ಬಸ್ಸಿನಿಂದ ಇಳಿದ. ಟ್ರಂಕುಗಳಿಂದ ಅದೆಂಥದೋ ಸೆಂಟಿನ ವಾಸನೆ. ಎಲ್ಲವನ್ನೂ ಗಾಡಿಯ ಕೊಟ್ಟಿಗೆಯಲ್ಲೇ ಇಡಿಸಿ, ಗಂಡ ಹೆಂಡಿರಿಗೆ ಸೀಗೇಕಾಯಿ ಕೊಟ್ಟು ಬಾವಿಗೆ ಕಳಿಸಿದೆ. ಆಕಾಶದಿಂದ ಬಂದವನಾದರೂ ಸರಿ, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು.

ನಾನು ಈ ಮನೆಯ ಹಿರಿ ಸೊಸೆ, ಶ್ಯಾಮಲಮ್ಮ. ಹುಳು ಮನೆಯ ಉಸ್ತುವಾರಿ ನನ್ನದು. ನಮ್ಮ ಯಜಮಾನರು ಆವಲಪ್ಪ ತೋಟ ನೋಡಿಕೊಳ್ಳುತ್ತಾರೆ; ದಿನಕ್ಕೆ ನಾಲ್ಕು ಮಾತಾಡಿದರೆ ಅವತ್ತು ಅವರಿಗೆ ಏನೋ ಆಗಿದೆ ಅಂತಲೇ ಅರ್ಥ. ಮಾವ ಮುನಿಶಾಮಪ್ಪನವರದು ವ್ಯಾಪಾರ, ಅತ್ತೆ ಅಕ್ಕಯ್ಯಮ್ಮನವರದು ಅಡಿಗೆಮನೆ ಮತ್ತು ಎಲ್ಲರ ಮೇಲೆ ಒಂದು ಕಣ್ಣು.

ಮೊದಲ ದಿನ ಊಟಕ್ಕೆ ಕೂತಾಗಲೇ ವಿಷಯ ಹೊರಬಿತ್ತು. ಅವರೇಕಾಯಿ ಕಾಲ. ಆದರೂ ಒಗ್ಗರಣೆ ಇಲ್ಲದ ಉಪ್ಸಾರು, ಮುದ್ದೆ. ಚನ್ನಕೇಶವ ಅದನ್ನೇ ಸೊರ್ ಅಂತ ಎಳೆದುಕೊಂಡು ತಿಂದ. ಆಮೇಲೆ ಕೈ ತೊಳೆದುಕೊಂಡು ಬಂದು, ತನಗೆ ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ ಅಂದ. ಒಂದು ಸರ್ಕಾರದ್ದೇ ವಿಮಾನ ಕಂಪನಿ, ಮದರಾಸಿನಲ್ಲಿ. ಪ್ರಯಾಣಿಕರನ್ನು ಕರೆದುಕೊಂಡು ಹೋಗುವ ವಿಮಾನ. ಇನ್ನೊಂದು ಕಲ್ಕತ್ತೆಯ ಒಬ್ಬ ಸೇಟಿನ ಕಂಪನಿ. ಅಸ್ಸಾಮಿನ ಆಚೆ ಬೆಟ್ಟಗಳಲ್ಲಿ ದಾರಿಯಿಲ್ಲದ ಠಾಣೆಗಳಿಗೆ ಅಕ್ಕಿ, ಉಪ್ಪು, ಸೀಮೆಎಣ್ಣೆ ಎಸೆದು ಬರುವ ಕೆಲಸ. ಅಲ್ಲಿ ಸಂಬಳ ಎರಡು ಪಾಲಿಗೂ ಹೆಚ್ಚು.

ಸಂಬಳದ ಮಾತಿಗಿಂತ ಮಾವನಿಗೆ ಹಿಡಿಸಿದ್ದು ಬೇರೆ. ವಿಮಾನದ ಮೂತಿಯಲ್ಲಿ ಎರಡು ಸೀಟು ಇರುತ್ತವಂತೆ. ಎಡಗಡೆಯದು ಕ್ಯಾಪ್ಟನ್‌ದು, ಬಲಗಡೆಯದು ಅವನ ಸಹಾಯಕನದು. ಮಿಲಿಟರಿಯಲ್ಲಿ ಎಷ್ಟು ವರ್ಷ ಎಡಗಡೆ ಕೂತಿದ್ದರೂ ಮದರಾಸಿನಲ್ಲಿ ಮೊದಲು ಬಲಗಡೆ ಕೂರಬೇಕು, ಎರಡು ಮೂರು ವರ್ಷ. ಕಲ್ಕತ್ತೆಯವರು ಹೋದ ದಿನವೇ ಎಡಗಡೆ ಕೂರಿಸುತ್ತಾರೆ.

"ಹದಿನಾರು ವರ್ಷ ಮುಂದೆ ಕೂತು ಹೊಡೆದೋನು ಈಗ ಹಗ್ಗ ಇನ್ನೊಬ್ಬನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ್ಕೋಬೇಕಾ?" ಅಂದರು ಮಾವ.

"ಬಲಗಡೆ ತಾನೇ, ಶುಭವೇ ಆಯ್ತು ಬಿಡಿ," ಅಂದರು ಅತ್ತೆ, ಒಳಗಿನಿಂದ. ಅವರಿಗೆ ಮದರಾಸು ಅಂದರೆ ಒಂದು ರಾತ್ರಿಯ ರೈಲು, ಕಲ್ಕತ್ತೆ ಅಂದರೆ ಮಗ ಕಾಣದ ದೇಶ. ಅಷ್ಟೇ ಲೆಕ್ಕ.

ಅನಸೂಯಳ ಕಣ್ಣು ಗಂಡನ ಮುಖದ ಮೇಲೇ ಇತ್ತು. ಅಸ್ಸಾಮಿನ ಜೋರ್ಹಾಟಿನ ಕ್ವಾರ್ಟರ್ಸಿನಲ್ಲಿ ಅವಳು ಮೂರು ವರ್ಷ ಬಾಳಿದ್ದಳು. ಬೆಳಿಗ್ಗೆ ಗಂಡ ಆ ಬೆಟ್ಟಗಳ ಕಡೆ ಹಾರಿದರೆ ಸಾಯಂಕಾಲ ಸದ್ದು ಕೇಳುವ ತನಕ ಒಲೆ ಹಚ್ಚುತ್ತಿರಲಿಲ್ಲವಂತೆ. ಮರುದಿನ ಹುಳುವಿಗೆ ಸೊಪ್ಪು ಹೆಚ್ಚುವಾಗ ನನಗೆ ಹೇಳಿದಳು: "ಅಕ್ಕ, ಕೆಲಸ ಬಿಟ್ರು ಅಂದ ದಿನ ದೇವರ ಮುಂದೆ ಅತ್ತುಬಿಟ್ಟೆ, ಸಂತೋಷಕ್ಕೆ. ಈಗ ಮತ್ತೆ ಅದೇ ಬೆಟ್ಟಕ್ಕೆ ಹೋಗ್ತೀನಿ ಅಂದ್ರೆ ನಾನು ಹ್ಯಾಗೆ ಬದುಕಲಿ?"

ನನಗೂ ಭಯವಿತ್ತು, ಬೇರೆ ಥರದ್ದು. ಸುಳ್ಳೇಕೆ ಹೇಳಲಿ. ಈ ಎರಡು ಕೆಲಸಗಳ ನಡುವೆ ಎಳೆದಾಡಿ ಎರಡೂ ಕೈಬಿಟ್ಟು ಹೋದರೆ ಮೈದುನ ಊರಲ್ಲೇ ಉಳಿಯುತ್ತಾನೆ. ಉಳಿದರೆ ಇವತ್ತಲ್ಲ ನಾಳೆ ಪಾಲು ಅನ್ನುತ್ತಾನೆ. ಇರುವ ಹಿಪ್ಪುನೇರಳೆ ತೋಟ ಎರಡಾದರೆ ಒಂದು ಮನೆಗೂ ಹುಳು ಸಾಕುವಷ್ಟು ಸೊಪ್ಪು ಸಿಕ್ಕುವುದಿಲ್ಲ. ಎಲ್ಲಿಗಾದರೂ ಹೋಗಲಿ, ಬೇಗ ಹೋಗಲಿ ಅಂತಲೇ ನಾನೂ ಇದ್ದೆ.

ಹುಳು ಮೂರನೇ ಜ್ವರ ಮುಗಿಸಿ ಎದ್ದಿತು. ಸೊಪ್ಪಿನ ಕೆಲಸ ಹೆಚ್ಚಿತು. ಚನ್ನಕೇಶವ ಮಾತ್ರ ಊಟ, ನಿದ್ದೆ, ಅಂಬಾಜಿದುರ್ಗದ ಬೆಟ್ಟದ ಕಡೆ ಮುಖ ಮಾಡಿಕೊಂಡು ಜಗಲಿಯಲ್ಲಿ ಕೂರುವುದು, ಇಷ್ಟೇ. ಮದರಾಸಿಗೆ ಉತ್ತರ ಬರೆಯಪ್ಪ ಅಂತ ಅತ್ತೆ ಅಂದರೆ ನಾಳೆ ಅನ್ನುತ್ತಿದ್ದ. ತಿಂಗಳ ಕೊನೆಯೊಳಗೆ ತಿಳಿಸದಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತಿತ್ತು. ಅನಸೂಯ ಒಂದು ದಿನ, ಮಾವನೂ ಊಟಕ್ಕೆ ಕೂತಿದ್ದಾಗ, ಬಾಯಿಬಿಟ್ಟು ಕೇಳಿದಳು. ಆಗ ಅವನು ಸಿಡುಕಿದ: "ಅಲ್ಲಿ ಕ್ಯಾಪ್ಟನ್ ಆಗಿರೋನು ಯಾರು ಗೊತ್ತಾ? ನನ್ನ ಹತ್ರ ಕಲಿತ ಹುಡುಗ. ವಿಮಾನ ಮೇಲೆದ್ದ ಮೇಲೆ ಅವನು ಚಕ್ರ ಎತ್ತು ಅಂದ್ರೆ ನಾನು ಎತ್ತಬೇಕು. ಇಳಿಸು ಅಂದ್ರೆ ಇಳಿಸಬೇಕು."

"ಎತ್ತಿದ್ರೆ ಏನಾಗ್ತದೆ? ಕೈ ನೋಯ್ತದಾ?" ಅಂದಳು ಅವಳು.

ಅವನು ಮುದ್ದೆ ಬಿಟ್ಟು ಎದ್ದ. ಅವತ್ತಿನ ಮುದ್ದೆ ಎಮ್ಮೆಗೆ ಹೋಯಿತು.

ಆ ವಾರದಲ್ಲೇ ಕಲ್ಕತ್ತೆ ಕಂಪನಿಯ ದೊಡ್ಡ ಪೈಲಟ್ ಒಬ್ಬ, ಕ್ಯಾಪ್ಟನ್ ಸಾಹನಿ ಅಂತ, ಬೆಂಗಳೂರಿನಿಂದ ಕಾರು ಮಾಡಿಕೊಂಡು ನಮ್ಮೂರಿಗೇ ಬಂದ. ಹಿಂದೆ ಚನ್ನಕೇಶವನ ಜೊತೆ ಮಿಲಿಟರಿಯಲ್ಲಿದ್ದವನಂತೆ. ಗಿರಿಜಾಮೀಸೆ, ಬಿಳಿ ಪ್ಯಾಂಟು, ಬಾಯಲ್ಲಿ ಪೈಪು. ಆ ಪೈಪು ನೋಡಿದ್ದೇ ತಡ, ಅತ್ತೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಅಡ್ಡ ನಿಂತರು. ಹುಳುವಿಗೆ ಹೊಗೆಸೊಪ್ಪಿನ ಗಾಳಿ ಸೋಕಿದರೆ ಮುಗಿಯಿತು, ಬಾಯಲ್ಲಿ ನೀರು ಕಾರಿಕೊಂಡು ಸಾಯುತ್ತದೆ. ಮನೆಗೆ ಬಂದ ಅಷ್ಟು ದೊಡ್ಡ ಮನುಷ್ಯನಿಗೆ ಗಾಡಿಯ ಕೊಟ್ಟಿಗೆಯಲ್ಲಿ ಮಂಚ ಹಾಕಿ, ಅಲ್ಲಿಗೇ ಎಳನೀರು ಕಳಿಸಿದೆವು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಒಳ್ಳೆಯವನೇ ಅಂತ ಕಾಣುತ್ತದೆ.

ಕೊಟ್ಟಿಗೆಗೂ ನಮ್ಮ ಸೊಪ್ಪಿನ ಕೋಣೆಗೂ ನಡುವೆ ಇದ್ದದ್ದು ತೆಂಗಿನ ಗರಿಯ ತಡಿಕೆ ಒಂದೇ. ಈ ಕಡೆ ನಾನೂ ಅನಸೂಯಳೂ ಕೂತು ಸೊಪ್ಪು ಹೆಚ್ಚುತ್ತಿದ್ದೆವು. ಆ ಕಡೆ ಅವರಿಬ್ಬರೂ ಹಿಂದಿಯಲ್ಲಿ ಮಾತಾಡುತ್ತಿದ್ದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಮಾತಿನ ಮಧ್ಯೆ ಚನ್ನಕೇಶವ ಏನೋ ಕೇಳಿದ, ಸಾಹನಿ ದನಿ ತಗ್ಗಿಸಿ ಏನೋ ಹೇಳಿದ. ನನ್ನ ಎದುರಿಗೆ ಕತ್ತಿಯ ಸದ್ದು ನಿಂತುಹೋಯಿತು. ತಲೆಯೆತ್ತಿ ನೋಡಿದರೆ ಅನಸೂಯಳ ಮುಖ ಸುಣ್ಣದ ಹಾಗಾಗಿತ್ತು. ಬೆರಳು ಕುಯ್ದುಕೊಂಡಳೇನೋ ಅಂತ ಅವಳ ಕೈ ಹಿಡಿದು ತಿರುಗಿಸಿ ನೋಡಿದೆ. ಬೆರಳು ಸರಿಯಾಗೇ ಇತ್ತು. ಏನು ಅಂತ ಕೇಳಿದೆ. ಏನಿಲ್ಲಕ್ಕ ಅಂದು ಮತ್ತೆ ಹೆಚ್ಚತೊಡಗಿದಳು, ಆದರೆ ಸೊಪ್ಪು ಒಂದು ತುಂಡು ಉದ್ದ, ಒಂದು ತುಂಡು ಗಿಡ್ಡ ಬೀಳುತ್ತಿತ್ತು.

ಇನ್ನು ಮಾವ ಮಾಡಿದ ಕೆಲಸ ಹೇಳಬೇಕು. ಅದಕ್ಕೆ ಮುಂಚೆ ಶಿಡ್ಲಘಟ್ಟದ ಗೂಡಿನ ವ್ಯಾಪಾರ ಹೇಗೆ ಅಂತ ತಿಳಿದಿರಬೇಕು. ಅಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವೆಲಿನ ಕೆಳಗೆ ಕೈ ಇಟ್ಟು ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಕೈ ಎಳೆದುಕೊಳ್ಳುತ್ತಾರೆ. ಒಪ್ಪಿದರೆ ಪೂರ್ತಿ ಅಂಗೈ ಹಿಡಿದು ಒತ್ತುತ್ತಾರೆ. ಒತ್ತಿದ ಮೇಲೆ ಬ್ರಹ್ಮ ಬಂದರೂ ಮಾತು ಬದಲಾಗುವುದಿಲ್ಲ. ಮಾವ ನಲವತ್ತು ವರ್ಷದಲ್ಲಿ ಒಂದು ಸಲವೂ ಒತ್ತಿದ ಕೈ ವಾಪಸ್ಸು ತೆಗೆದುಕೊಂಡವರಲ್ಲ. ನೂಲು ತೆಗೆಯುವ ಬುಡನ್ ಸಾಹೇಬರು, ಮುನಿಶಾಮಪ್ಪನ ಕೈ ಒತ್ತಿ ಗೂಡನ್ನು ನೋಡದೇ ಒಯ್ಯಬಹುದು ಅಂತ ಊರಿಗೆಲ್ಲ ಹೇಳುತ್ತಿದ್ದರು. ಮಾವನಿಗೆ ಅದೇ ಆಸ್ತಿ, ಅದೇ ಬಿರುದು.

ಸಾಹನಿ ಹೊರಡುವ ಹೊತ್ತಿಗೆ ಮಾವ ತೋಟದಿಂದ ಬಂದರು. ತಂದೆಯವರ ಒಪ್ಪಿಗೆ ಇದೆಯಾ ಅಂತ ಅವನು ಕೇಳಿದ್ದನ್ನು ಮಗ ಕನ್ನಡದಲ್ಲಿ ಹೇಳಿದ. ಮಾವ ಹೆಮ್ಮೆಯಿಂದ, ಎಡಗಡೆ ಸೀಟು ಅಂದಮೇಲೆ ಸರಿಯೇ ಅಂದರು. ಸಾಹನಿ ನಗುತ್ತ ಕೈ ಚಾಚಿದ. ಮಾವನೂ ಚಾಚಿದರು. ಅವನು ಅಂಗೈ ಪೂರ್ತಿ ಹಿಡಿದು, ಮೇಲೆ ಎಡಗೈಯನ್ನೂ ಇಟ್ಟು, ಬಲವಾಗಿ ಒತ್ತಿ ಕುಲುಕಿದ. ಬಗ್ಗಿದ್ದಕ್ಕೆ ಮಾವನ ಹೆಗಲ ಮೇಲಿನ ಟವೆಲು ಜಾರಿ ಆ ಕೈಗಳ ಮೇಲೇ ಬಿತ್ತು. ನಾನು ತಡಿಕೆಯ ಸಂದಿಯಿಂದ ಕಣ್ಣಾರೆ ನೋಡಿದೆ.

ಕಾರು ಹೋದ ಮೇಲೆ ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಮಾತಾಯ್ತು," ಅಂದರು.

ಚನ್ನಕೇಶವ ನಕ್ಕುಬಿಟ್ಟ. "ಅಪ್ಪ, ಅದು ಅವರು ಹೋಗ್ತೀನಿ ಅನ್ನೋ ರೀತಿ. ನಮಸ್ಕಾರ ಇದ್ದ ಹಾಗೆ. ಅದರಲ್ಲಿ ಏನೂ ಇಲ್ಲ."

"ಅವರ ಕಡೆ ಅದಕ್ಕೇನಂತಾರೋ ನಂಗೆ ಗೊತ್ತಿಲ್ಲ ಕಣೋ. ಒತ್ತಿದ್ದು ನನ್ನ ಕೈ."

ಆಗ ನಕ್ಕವನು, ಮಾರನೇ ದಿನ ಅನಸೂಯ ಮದರಾಸಿನ ಮಾತೆತ್ತಿದಾಗ ನಗಲಿಲ್ಲ. "ಅಪ್ಪ ಕೈ ಒತ್ತಿ ಮಾತು ಕೊಟ್ಟಿದಾರೆ, ನಾನೇನು ಮಾಡಲಿ?" ಅಂದುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ತನಗೆ ಬೇಕಾದ ಕಡೆಗೇ ಬಂಡಿ ಇಳಿಯುತ್ತಿದ್ದಾಗ ಅಪ್ಪನ ಹೆಸರು ಹೇಳಿ ಕೂತುಕೊಂಡನಲ್ಲ ಈ ಕ್ಯಾಪ್ಟನ್. ಸಾಹನಿ ಬೆಂಗಳೂರಿನ ಹೋಟೆಲಿನಲ್ಲಿ ಇನ್ನೂ ಸ್ವಲ್ಪ ದಿನ ಇರುತ್ತಾನೆ, ಅಷ್ಟರಲ್ಲಿ ಹೋಗಿ ರುಜು ಹಾಕಿ ಬರಬೇಕು ಅಂತ ತೀರ್ಮಾನವಾಯಿತು.

ಹುಳು ನಾಲ್ಕನೇ ಜ್ವರಕ್ಕೆ ಮಲಗಿತು. ಅನಸೂಯ ಊಟ ಬಿಟ್ಟಳು. ಬಿಟ್ಟೆ ಅಂತ ಹೇಳಲಿಲ್ಲ. ತಟ್ಟೆಯ ಮುಂದೆ ಕೂರುವಳು, ಎರಡು ತುತ್ತು ನುಂಗುವಳು, ಏಳುವಳು. ರಾತ್ರಿ ಗಂಡನಿಗೆ ಬಡಿಸುವಾಗ, ಏನಾದರೂ ಹೇಳೋದಿದೆಯಾ ಅಂತ ಕೇಳುವಳು. ಏನಿಲ್ಲ ಅನ್ನುವನು ಅವನು. ದಿನಾ ಇದೇ. ಹುಳು ಜ್ವರ ಎದ್ದು ಮೇವಿಗೆ ಮುಗಿಬಿದ್ದಿತ್ತು, ಮಳೆ ಬಂದ ಹಾಗೆ ಸದ್ದು ಮಾಡುತ್ತ ತಿನ್ನುತ್ತಿತ್ತು, ನಮಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಅಷ್ಟರ ನಡುವೆಯೂ ಅತ್ತೆ ಕಿರಿ ಸೊಸೆಯ ಕೆನ್ನೆ ಒಳಗೆ ಹೋಗಿದ್ದನ್ನು ನೋಡಿ ನನ್ನನ್ನು ಗದರಿದರು, ನೀನಾದರೂ ಕೇಳಬಾರದೇನೇ ಅಂತ. ಕೇಳಿದ್ದೆ, ಅವಳು ಹೇಳಿರಲಿಲ್ಲ, ನನ್ನ ತಪ್ಪೇನು?

ಹುಳು ಹಣ್ಣಾಯಿತು. ಹಣ್ಣಾದ ಹುಳು ಮೇವು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಕೈಯಿಂದ ಆಯ್ದು ಚಂದ್ರಿಕೆಗೆ, ಅಂದರೆ ಬಿದಿರಿನ ಸುತ್ತುಗಳ ಚಾಪೆಗೆ ಬಿಡಬೇಕು. ಹೊತ್ತು ತಪ್ಪಿದರೆ ಅಲ್ಲಲ್ಲೇ ನೂಲು ಕಕ್ಕಿ ಹಾಳಾಗುತ್ತದೆ. ಅವತ್ತು ಮನೆಯವರೆಲ್ಲ ಹುಳು ಮನೆಯೊಳಗೇ ಇದ್ದೆವು, ಮಾವನೂ, ನಮ್ಮ ಪೈಲಟ್ ಮೈದುನನೂ ಸೇರಿ. ಅಲ್ಲಿ ದನಿ ಎತ್ತುವಂತಿಲ್ಲ ಅಂದೆನಲ್ಲ. ನಮ್ಮ ಮನೆಯಲ್ಲಿ ನಡೆದ ದೊಡ್ಡ ಜಗಳವೊಂದು ಪೂರ್ತಿ ಪಿಸುಮಾತಿನಲ್ಲಿ ನಡೆದು ಮುಗಿಯಿತು.

ಅನಸೂಯ ಹುಳು ಆಯುತ್ತಲೇ, ತಲೆ ಎತ್ತದೆ ಕೇಳಿದಳು: "ರೀ, ನೀವು ಕೂರೋ ಆ ಎಡಗಡೆ ಸೀಟಲ್ಲಿ ಮೊದಲು ಯಾರು ಕೂತಿದ್ರು?"

"ಯಾರೋ ಇದ್ರು."

"ಯಾರೋ ಅಲ್ಲ. ಥಾಪರ್. ಜೋರ್ಹಾಟಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಹೆಂಡ್ತಿ ನಂಗೆ ಸ್ವೆಟರ್ ಹೆಣೆಯೋದು ಹೇಳ್ಕೊಟ್ಟಿದ್ಲು. ಅಕ್ಕಿ ಮೂಟೆ ಹಾಕೋಕೆ ಕಣಿವೆಗೆ ಇಳಿದ ವಿಮಾನ ಮೇಲೆ ಬರಲೇ ಇಲ್ಲವಂತೆ. ಸಾಹನಿ ನಿಮಗೆ ಹೇಳಿದ್ದು ತಡಿಕೆ ಆಚೆಯಿಂದ ನಂಗೂ ಕೇಳಿಸ್ತು, ಅಷ್ಟು ಹಿಂದಿ ನಂಗೂ ಬರ್ತದೆ. ಅವತ್ತಿಂದ ನೀವಾಗೇ ಹೇಳ್ತೀರಿ ಅಂತ ಕಾದೆ. ದಿನಾ ಕೇಳಿದೆ. ದಿನಾ ಏನಿಲ್ಲ ಅಂದ್ರಿ."

ಎಲ್ಲರ ಕೈಗಳೂ ಆಡುತ್ತಲೇ ಇದ್ದವು. ಅತ್ತೆ ಅಲ್ಲೇ ನೆಲಕ್ಕೆ ಕುಸಿದು ಕೂತರು, ಕೂತುಕೊಂಡೇ ಬಿದಿರಿನ ತಟ್ಟೆಯಿಂದ ಹುಳು ಆರಿಸಿದರು.

"ಅವನು ಮೋಡದೊಳಗೆ ಹೋಗಬಾರದಿತ್ತು," ಅಂದ ಚನ್ನಕೇಶವ. "ನಾನು ಹೋಗಲ್ಲ. ಆ ಕಣಿವೆಗಳು ನಂಗೆ ಗೊತ್ತು."

"ಅವರಿಗೂ ಗೊತ್ತಿತ್ತು."

ಆಮೇಲೆ ಅವಳು ಮಾಡಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ. ನೇರವಾಗಿ ಮಾವನ ಕಡೆ ತಿರುಗಿದಳು. "ಮಾವ, ಮಂಕರಿ ಮೇಲೆ ಒಳ್ಳೆ ಗೂಡು ತೋರಿಸಿ, ತಳದಲ್ಲಿ ಕೊಳೆತಿದ್ದು ಮುಚ್ಚಿಟ್ಟು ಕೈ ಒತ್ತಿದ್ರೆ, ಆ ಮಾತು ನಿಲ್ತದಾ?"

ಮಾವ ಅಂಗೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಅದು ತಲೆ ಆಡಿಸಿ ಜಾಗ ನೋಡಿಕೊಳ್ಳುವವರೆಗೆ ಕಾದರು.

"ನಿಲ್ಲಲ್ಲಮ್ಮ. ಆದ್ರೆ ಆ ಮನುಷ್ಯ ಏನೂ ಮುಚ್ಚಲಿಲ್ಲವಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಾನೆ." ಮಗನ ಕಡೆ ನೋಡಿದರು. "ಮುಚ್ಚಿದೋನು ನಮ್ಮೋನು. ನಮ್ಮೋನು ಮುಚ್ಚಿದ್ದಕ್ಕೆ ಅವನ ಕೈ ನಾನು ಹ್ಯಾಗೆ ಬಿಡಲಿ?"

ಅಷ್ಟು ಹೇಳಿ ಎದ್ದು ಹೊರಗೆ ಹೋದರು. ನಾವು ಉಳಿದವರು ಕೆಲಸ ಮುಗಿಸಿದೆವು. ಹುಳು ಕಾಯುವುದಿಲ್ಲ, ಅಳುವುದಾದರೂ ಕೈ ಆಡಿಸುತ್ತಲೇ ಅಳಬೇಕು. ಅನಸೂಯ ಹಾಗೇ ಅತ್ತಳು. ಚನ್ನಕೇಶವ ಅವಳ ಪಕ್ಕದ ತಟ್ಟೆಗೆ ಬಂದು ನಿಂತ. ಅವಳು ಸರಿದು ಬೇರೆ ತಟ್ಟೆಗೆ ಹೋದಳು.

ಬೆಳಿಗ್ಗೆ ಮಾವ ಸ್ನಾನ ಮಾಡಿ ಮದುವೆಗೆ ಹಾಕುವ ಕರಿ ಕೋಟು ಹಾಕಿಕೊಂಡು ಬಂದರು. ದೇವರ ಮುಂದಿನಿಂದ ವೀಳ್ಯದೆಲೆ ಅಡಿಕೆ ತೆಗೆದು ಟವೆಲಿನಲ್ಲಿ ಕಟ್ಟಿಕೊಂಡರು. "ನಡಿಯೋ, ಬೆಂಗಳೂರಿಗೆ ಹೋಗಣ," ಅಂದರು ಮಗನಿಗೆ. ಯಾಕೆ ಅಂತ ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಶಿಡ್ಲಘಟ್ಟಕ್ಕೆ ನಡೆದು, ಚಿಕ್ಕ ರೈಲು ಹಿಡಿದು, ಚಿಕ್ಕಬಳ್ಳಾಪುರದ ಮೇಲೆ ಹೋದರು.

ಆ ವೀಳ್ಯದೆಲೆಯನ್ನು ನಾನೂ ನೋಡಿದ್ದೆ. ಶುಭಕಾರ್ಯಕ್ಕೆ ತಾನೇ ತಾಂಬೂಲ? ರುಜು ಹಾಕಿಸಲು ಮುದುಕರು ತಾವೇ ಹೊರಟರು ಅಂದುಕೊಂಡೆ. ಅನಸೂಯಳಿಗೂ ಹಾಗೇ ಅನ್ನಿಸಿರಬೇಕು. ಇಡೀ ದಿನ ಹಿತ್ತಲಲ್ಲಿ ಕೂತು, ಹುಳು ಬಿಟ್ಟು ಖಾಲಿಯಾದ ತಟ್ಟೆಗಳನ್ನು ಉಜ್ಜಿದಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು. ಅತ್ತೆ ಅವಳ ಮುಂದೆ ಗಂಜಿ ಇಟ್ಟು, ಕುಡಿಯೋ ತನಕ ನಾನಿಲ್ಲಿಂದ ಏಳಲ್ಲ ಅಂತ ಕೂತರು. ಪಾಲಿನ ಭಯ, ತೋಟದ ಭಯ ಎಲ್ಲ ಅವತ್ತು ನನ್ನ ತಲೆಯಿಂದ ಹೋಗಿತ್ತು. ಆ ಹುಡುಗಿಯ ಮುಖ ನೋಡಿ, ಇರಲಿ, ಅವನು ಇಲ್ಲೇ ಉಳಿದು ಅರ್ಧ ತೋಟ ತೊಗೊಂಡರೂ ಚಿಂತೆಯಿಲ್ಲ ಅಂತ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ. ನಾನೂ ಮನುಷ್ಯಳೇ.

ದೀಪ ಹಚ್ಚುವ ಹೊತ್ತಿಗೆ ಬಂದರು. ಮಾವ ಯಾರ ಮುಖವನ್ನೂ ನೋಡದೆ ಬಾವಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡು ಮಲಗಿಬಿಟ್ಟರು. ನಡೆದದ್ದನ್ನು ಹೇಳಿದವನು ಚನ್ನಕೇಶವ, ಅಡಿಗೆಮನೆಯ ಬಾಗಿಲಲ್ಲಿ ನಿಂತು.

ಒತ್ತಿದ ಕೈಯನ್ನು ಬಿಡಿಸಿಕೊಳ್ಳಬೇಕಾದರೆ ಗೂಡಿನವರಲ್ಲಿ ಒಂದು ರೀತಿಯಿದೆ. ಅದನ್ನು ಮಾಡಿದವರು ಕಡಿಮೆ, ಮಾಡಿದವರ ಹೆಸರು ಊರು ಬೇಗ ಮರೆಯುವುದಿಲ್ಲ. ಮಾರುವವನು ತಾನೇ ಹೋಗಿ, ಎದುರಿನವನ ಕೈಗೆ ತಾಂಬೂಲ ಇಟ್ಟು, ತಪ್ಪಾಯಿತು ನನ್ನ ಕೈ ಬಿಡಿ ಅಂತ ನಾಲ್ಕು ಜನರ ಮುಂದೆ ಕೇಳಬೇಕು. ಮಾವ ಆ ದೊಡ್ಡ ಹೋಟೆಲಿನ ಹಜಾರದಲ್ಲಿ, ಅಷ್ಟೂ ಜನ ನೋಡುತ್ತಿದ್ದಂತೆ, ಸಾಹನಿಯ ಮುಂದೆ ಬಗ್ಗಿ ತಾಂಬೂಲ ಕೊಟ್ಟು ಹಾಗೆ ಕೇಳಿದರಂತೆ. ಸಾಹನಿಗೆ ಏನು ಅರ್ಥವಾಗಬೇಕು? ಮುದುಕ ಚೌಕಾಸಿಗೆ ಬಂದಿದ್ದಾನೆ ಅಂದುಕೊಂಡು, ಸಂಬಳ ಇನ್ನೂ ಏರಿಸುತ್ತೇನೆ ಅಂದನಂತೆ.

"ಅದನ್ನ ಅಪ್ಪನಿಗೆ ಹೇಳಿದೆ," ಅಂದ ಚನ್ನಕೇಶವ. "ಇನ್ನೂ ಜಾಸ್ತಿ ಕೊಡ್ತಾರಂತೆ ಅಂದೆ. ಅಪ್ಪ ನನ್ನ ಮುಖ ನೋಡಿ, ರೇಟು ಸಾಲದು ಅಂತ ಬರ್ಲಿಲ್ಲ ಕಣೋ, ಮಾಲು ಕೊಡೋದಿಲ್ಲ ಅನ್ನೋಕೆ ಬಂದೆ, ಅಂದ್ರು. ಅವನ ಭಾಷೆ ನಂಗೆ ಬರಲ್ಲ, ನೀನೇ ಹೇಳು, ನಿನ್ನ ಬಾಯಲ್ಲೇ ಹೇಳು, ಅಂದ್ರು."

"ಹೇಳಿದ್ರಾ?" ಅಂದಳು ಅನಸೂಯ.

"ಹೇಳ್ದೆ."

"ಏನಂತ?"

"ನಾನು ಬರಲ್ಲ ಅಂತ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅಪ್ಪ ಯಾರ ಮುಂದೂ ಬಗ್ಗಿದೋರಲ್ಲ. ನಂಗೋಸ್ಕರ ಆ ನೆಲದ ಮೇಲೆ ಬಗ್ಗಿ ನಿಂತಿದ್ರು. ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು."

ಅವಳು ಒಲೆಯ ಮುಂದೆ ಕೂತಿದ್ದವಳು ಎದ್ದು ತಟ್ಟೆ ಹಾಕಿದಳು. ಗಂಡನಿಗೊಂದು, ತನಗೊಂದು.

ಬೆಂಗಳೂರಿನಿಂದಲೇ ಮದರಾಸಿಗೆ ತಂತಿ ಕೊಟ್ಟು ಬಂದಿದ್ದರು. ಆದರೆ ತಿಂಗಳ ಕೊನೆಗೆ ಉಳಿದಿದ್ದು ಒಂದೇ ದಿನ, ಮೇಲೆ ಭಾನುವಾರ ಬೇರೆ. ಉತ್ತರ ಬರಲಿಲ್ಲ. ಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟಿ ಮುಗಿಸಿ ಒಳಗೆ ಮಲಗಿತು, ಆದರೂ ಅಂಚೆಯವನು ಬರಲಿಲ್ಲ. ಈಗ ಮನೆಯಲ್ಲಿ ಒಗ್ಗರಣೆ ಹಾಕಬಹುದಿತ್ತು. ಅತ್ತೆ ಹಿತಕಿದ ಅವರೇಬೇಳೆ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ಇಷ್ಟು ದಿನ ಅದಕ್ಕೇ ಬಾಯಿ ಬಿಡುತ್ತಿದ್ದ ಚನ್ನಕೇಶವ ಬಡಿಸಿದ್ದಷ್ಟೇ ತಿಂದು ಎದ್ದ. ಎರಡೂ ಹೋಯಿತು ಅಂತ ಒಬ್ಬೊಬ್ಬರೂ ಒಳಗೊಳಗೇ ಅಂದುಕೊಂಡಿದ್ದೆವು. ನಮ್ಮ ಯಜಮಾನರು ಒಂದು ದಿನ ಇದ್ದಕ್ಕಿದ್ದಂತೆ, ತೋಟದಲ್ಲಿ ಬಾವಿ ಕಡೆಯ ಭಾಗ ತಮ್ಮನಿಗೆ ಕೊಡೋಣ ಕಣೇ, ಅಲ್ಲಿ ನೀರು ಚೆನ್ನಾಗಿದೆ, ಅಂದರು. ನಾನು ಅವತ್ತು ರಾತ್ರಿ ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾದ ಹಾಗೂ ಕಾಣಲಿಲ್ಲ.

ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಾಗ ತಂತಿ ಬಂತು. ಮದರಾಸಿಗೆ ಬಾ ಅಂತ. ಅನಸೂಯ ಮಡಿಲು ತುಂಬ ಇದ್ದ ಗೂಡನ್ನು ಹಾಗೇ ಚೆಲ್ಲಿಕೊಂಡು ಎದ್ದು ನಿಂತಳು. ನಾನು ಬೈದುಕೊಂಡೇ ಅವನ್ನು ಆರಿಸಿದೆ, ಬೈಯುತ್ತ ಬೈಯುತ್ತ ನನಗೂ ಅಳು ಬಂದುಬಿಟ್ಟಿತು.

ಗೂಡು ಮಾರುವುದಕ್ಕೂ ಅವರು ಹೊರಡುವುದಕ್ಕೂ ಒಂದೇ ದಿನ ಕೂಡಿ ಬಂತು. ಗಾಡಿಯಲ್ಲಿ ಮುಂದೆ ಗೂಡಿನ ಮಂಕರಿಗಳು, ಹಿಂದೆ ಆ ಟ್ರಂಕುಗಳು, ನಡುವೆ ನಾವು. ಶಿಡ್ಲಘಟ್ಟದಲ್ಲಿ ಬುಡನ್ ಸಾಹೇಬರ ಅಂಗಳಕ್ಕೆ ಹೋದೆವು. ಸಾಹೇಬರು ಮಂಕರಿಗೆ ಕೈ ಹಾಕಿ ಗೂಡು ಅಲ್ಲಾಡಿಸಿ ಕಿವಿಯ ಹತ್ತಿರ ಹಿಡಿದರು, ತಲೆದೂಗಿದರು. ಹಜಾರದ ಬೆಂಚಿನ ಮೇಲೆ ಕೂತು ಎಂದಿನಂತೆ ಟವೆಲು ಹಾಸಿ, ಬನ್ನಿ ಮುನಿಶಾಮಪ್ಪನೋರೆ ಅಂದರು.

ಮಾವ ಮುಂದೆ ಹೋಗಲಿಲ್ಲ. ನಮ್ಮ ಯಜಮಾನರ ಭುಜ ಹಿಡಿದು ಸಾಹೇಬರ ಎದುರಿಗೆ ಕೂರಿಸಿದರು.

"ನೀನು ಕೈ ಹಾಕಪ್ಪ."

ಯಜಮಾನರು ತಬ್ಬಿಬ್ಬಾಗಿ ಅಪ್ಪನ ಮುಖ ನೋಡಿದರು. ಸಾಹೇಬರು, ಯಾಕೆ, ಕೈಗೆ ಏನಾಯಿತು ಅಂತ ಕೇಳಿದರು.

"ಒಂದು ಸಲ ಒತ್ತಿ ವಾಪಸ್ ತೊಗೊಂಡ ಕೈ ಇದು ಸಾಹೇಬರೆ. ಇನ್ನು ಟವೆಲ್ ಕೆಳಗೆ ಇದು ಬರೋದು ಬೇಡ. ಇವನು ಮಾಡ್ತಾನೆ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಹಾಗೆಂದು ಹಿರಿ ಮಗನ ಬಲಗಡೆಗೆ ಹೋಗಿ ಕೂತರು. ಬುಡನ್ ಸಾಹೇಬರಿಗೆ ಏನು ಅರ್ಥವಾಯಿತೋ, ಮತ್ತೆ ಏನೂ ಕೇಳದೆ ಟವೆಲಿನ ಕೆಳಗೆ ಯಜಮಾನರ ಬೆರಳು ಹಿಡಿದರು. ಮಾವ ನೆಲ ನೋಡುತ್ತ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಭ್ಯಾಸಬಲ, ಬೆರಳುಗಳು ತಮ್ಮಷ್ಟಕ್ಕೆ ಸ್ವಲ್ಪ ಸ್ವಲ್ಪ ಆಡುತ್ತಿದ್ದವು. ಗಾಡಿಯ ಹತ್ತಿರ ನಿಂತಿದ್ದ ಚನ್ನಕೇಶವ ಅದನ್ನು ನೋಡಿದ. ಎತ್ತಿನ ಕೊರಳಿಗೆ ಮುಖ ಒತ್ತಿಕೊಂಡು, ಅಷ್ಟು ಜನರ ನಡುವೆ, ಮಗುವಿನ ಹಾಗೆ ಅತ್ತುಬಿಟ್ಟ. ಅನಸೂಯ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ನಮ್ಮ ಯಜಮಾನರು ಒಂದು ಸಲ ಕೈ ಎಳೆದುಕೊಂಡರು, ಎರಡು ಸಲ ಎಳೆದುಕೊಂಡರು, ಮೂರನೆಯ ಸಲ ಒತ್ತಿದರು. ಬೆಲೆ ಚೆನ್ನಾಗಿಯೇ ಬಂದಿತ್ತು. ಮಾವ ಎಷ್ಟು ಅಂತ ಕೇಳಲಿಲ್ಲ.

ಸ್ಟೇಷನ್ನಿನಲ್ಲಿ ಚಿಕ್ಕ ರೈಲು ನಿಂತಿತ್ತು. ಅತ್ತೆ ಕೊಟ್ಟು ಕಳಿಸಿದ್ದ ರಾಗಿ ಹುರಿಹಿಟ್ಟಿನ ಗಂಟನ್ನು ಟ್ರಂಕಿನ ಮೇಲಿಟ್ಟೆ. ಚನ್ನಕೇಶವ ಅಪ್ಪನ ಕಾಲಿಗೆ ಬಿದ್ದವನು ಬೇಗ ಏಳಲಿಲ್ಲ. ಮಾವನೇ ಬಗ್ಗಿ, ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಎತ್ತಿ ನಿಲ್ಲಿಸಿದರು. ರೈಲು ಕೂಗಿತು. ಆಗಲೂ ಕೈ ಬಿಡಲಿಲ್ಲ.

"ಆ ಹುಡುಗ ಚಕ್ರ ಎತ್ತು ಅಂದ್ರೆ ಎತ್ತಪ್ಪ," ಅಂದರು. "ಇಳಿಸು ಅಂದ್ರೆ ಇಳಿಸು."